ಪರನಾಡಿನ ಸೇವೆಯಿಂದ ಶುಶ್ರೂಷಕಿ ಕಲಿಯುವ ಪಾಠಗಳು

ಶ್ರೀಮಠದ ಸದ್ಭಕ್ತರಿಗೆ ಉಚಿತ ಆರೋಗ್ಯ ಶಿಬಿರವೆಂಬುದು ಹೊಸದೇನಲ್ಲ. ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ಊರುಗಳಲ್ಲಿ ಜಾತ್ರೆ, ಪುರಾಣ ಮಂಗಲ, ಪುಣ್ಯಸ್ಮರಣೆಗಳ ಸಂದರ್ಭದಲ್ಲಿ ನೇತ್ರ ತಪಾಸಣೆ, ರಕ್ತದಾನ, ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಪರೀಕ್ಷೆಗಳು ನಡೆಯುತ್ತಲೇ ಇರುತ್ತವೆ. ಒಂದು ದಿನದ ಮಟ್ಟಿಗೆ ಶಾಲೆಯ ಕೋಣೆಯೋ ಮಠದ ಪ್ರಸಾದ ನಿಲಯವೋ ಆಸ್ಪತ್ರೆಯಾಗುತ್ತದೆ. ಸಂಜೆಯಾಗುತ್ತಲೇ ವೈದ್ಯರೂ ಶುಶ್ರೂಷಕಿಯರೂ ಗದಗ, ಹುಬ್ಬಳ್ಳಿ, ಬಾಗಲಕೋಟೆಗಳಿಗೆ ಹಿಂದಿರುಗುತ್ತಾರೆ. ಕೈಯಲ್ಲಿ ಹದಿನೈದು ದಿನದ ಗುಳಿಗೆಯ ಪೊಟ್ಟಣ ಹಿಡಿದುಕೊಂಡು ರೋಗಿಯೂ ಮನೆಗೆ ಹೋಗುತ್ತಾನೆ. ಹದಿನಾರನೆಯ ದಿನ ಏನಾಗುತ್ತದೆ? ಈ ಲೇಖನದ ಮುಖ್ಯ ಪ್ರಶ್ನೆ ಇದೇ.

ಈ ಪ್ರಶ್ನೆಗೆ ಉತ್ತರ ಹುಡುಕಲು ದೇಶದ ಗಡಿ ದಾಟಿ ನಡೆದ ಆರೋಗ್ಯಸೇವೆಗಳ ಕಡೆಗೆ ನೋಡುವುದು ಉಪಯುಕ್ತ. ಯುದ್ಧ, ಭೂಕಂಪ, ಸಾಂಕ್ರಾಮಿಕ ರೋಗಗಳ ಕಾಲದಲ್ಲಿ ಸ್ವಯಂಸೇವೆಗೆಂದು ಪರದೇಶಕ್ಕೆ ಹೋಗುವ ವೈದ್ಯರು, ಶುಶ್ರೂಷಕಿಯರು ಕೆಲವು ವಾರ ಅಥವಾ ಕೆಲವು ತಿಂಗಳು ಅಲ್ಲಿದ್ದು ಮರಳುತ್ತಾರೆ. ಅವರ ಕೆಲಸವೂ ಒಂದು ದೊಡ್ಡ ಶಿಬಿರವೇ. ಅಲ್ಲಿ ಆದ ಒಳಿತು, ಕೆಡಕು ಎರಡೂ ದಾಖಲಾಗಿರುವುದರಿಂದ ಅವುಗಳಿಂದ ಕಲಿಯಬಹುದು. ನಮ್ಮ ಭಾಗದ ಮಕ್ಕಳು ಜಿ.ಎನ್.ಎಂ., ಬಿ.ಎಸ್ಸಿ. ನರ್ಸಿಂಗ್ ಓದಿ ದೂರದ ನಾಡುಗಳಿಗೆ ಹೋಗುತ್ತಿರುವ ಈ ಕಾಲದಲ್ಲಿ ಅವರಿಗೂ, ಊರಿನಲ್ಲಿ ಶಿಬಿರ ಏರ್ಪಡಿಸುವ ಭಕ್ತರಿಗೂ ಈ ಪಾಠಗಳು ಸಮಾನವಾಗಿ ಬೇಕು.

12ನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರು ಒಬ್ಬರು. ರೋಗ ವಾಸಿಮಾಡುವುದೇ ಅವರ ಕಾಯಕವಾಗಿತ್ತು. ವೈದ್ಯವನ್ನು ಕಾಯಕವೆಂದು ಒಪ್ಪಿದ ಪರಂಪರೆಯಲ್ಲಿ ಶುಶ್ರೂಷೆಯೂ ಕಾಯಕವೇ. ಕಾಯಕವೆಂದ ಮೇಲೆ ಸದುದ್ದೇಶವೊಂದೇ ಸಾಲದು, ಕೆಲಸವೂ ಶುದ್ಧವಾಗಿರಬೇಕು.

ಮೊದಲನೆಯ ಪಾಠ: ರೋಗಿಯ ಭಾಷೆ

ಸೊಲ್ಲಾಪುರವೆಂದರೆ ನಮಗೆ ಸಿದ್ಧರಾಮೇಶ್ವರರ ಸೊನ್ನಲಿಗೆ. ಕನ್ನಡ, ಮರಾಠಿ, ತೆಲುಗು ಮೂರೂ ಕೇಳಿಬರುವ ಆ ಗಡಿನಗರದಲ್ಲಿ 1910ರಲ್ಲಿ ದ್ವಾರಕಾನಾಥ ಕೋಟ್ನಿಸರು ಜನಿಸಿದರು. ಮುಂಬಯಿಯಲ್ಲಿ ವೈದ್ಯಶಿಕ್ಷಣ ಪಡೆದರು. 1937ರಲ್ಲಿ ಜಪಾನ್ ಚೀನದ ಮೇಲೆ ದಾಳಿ ಮಾಡಿದಾಗ ಚೀನದ ಸೇನಾನಿ ಝು ದೆ ಅವರು ಜವಾಹರಲಾಲ ನೆಹರೂ ಅವರಿಗೆ ಪತ್ರ ಬರೆದು ವೈದ್ಯರನ್ನು ಕಳುಹಿಸುವಂತೆ ಬೇಡಿಕೊಂಡರು. ಸುಭಾಷಚಂದ್ರ ಬೋಸರು ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಕಾಲವದು. 1938ರ ಸೆಪ್ಟೆಂಬರಿನಲ್ಲಿ ಐವರು ವೈದ್ಯರ ತಂಡ ಹಡಗು ಹತ್ತಿತು. ಅಟಲ್, ಚೋಳ್ಕರ್, ಬಸು, ಮುಖರ್ಜಿ ಇವರೊಡನೆ 27ರ ಹರೆಯದ ಕೋಟ್ನಿಸರೂ ಇದ್ದರು.

ಉಳಿದವರು ಒಬ್ಬೊಬ್ಬರಾಗಿ ಸ್ವದೇಶಕ್ಕೆ ಮರಳಿದರು, ಕೋಟ್ನಿಸರು ಅಲ್ಲಿಯೇ ಉಳಿದರು. ಅವರು ಮಾಡಿದ ಮುಖ್ಯ ಕೆಲಸಗಳಲ್ಲಿ ಒಂದು ಚೀನೀ ಭಾಷೆಯನ್ನು ಕಲಿತದ್ದು. ಗಾಯಗೊಂಡ ಸೈನಿಕನ ನೋವನ್ನು ಅವನ ಮಾತಿನಲ್ಲಿಯೇ ಕೇಳಿದರು, ವೈದ್ಯ ವಿದ್ಯಾರ್ಥಿಗಳಿಗೆ ಅವರ ನುಡಿಯಲ್ಲಿಯೇ ಪಾಠ ಹೇಳಿದರು. 1941ರಲ್ಲಿ ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕರಾದರು. ಅದೇ ವರ್ಷ ಶುಶ್ರೂಷಾ ಶಿಕ್ಷಕಿ ಗುವೊ ಚಿಂಗ್‌ಲಾನ್ ಅವರನ್ನು ವಿವಾಹವಾದರು. 1942ರ ಡಿಸೆಂಬರ್ 9ರಂದು, ಕೇವಲ 32ನೆಯ ವಯಸ್ಸಿನಲ್ಲಿ, ಕಾಯಿಲೆಯಿಂದ ತೀರಿಕೊಂಡರು. ಅವರು ಕಲಿಸಿದ ವಿದ್ಯೆ ಅಲ್ಲಿನವರಲ್ಲಿ ಉಳಿಯಿತು. ಚೀನದ ಜನ ಇಂದಿಗೂ ಅವರನ್ನು ಸ್ಮರಿಸುತ್ತಾರೆ.

ಭಾಷೆ ಕಲಿಯುವುದಕ್ಕೆ ಚೀನಕ್ಕೇ ಹೋಗಬೇಕಾಗಿಲ್ಲ. ನಮ್ಮ ತಾಲೂಕುಗಳ ಆಸ್ಪತ್ರೆಗೆ ಬೇರೆ ಸೀಮೆಯಿಂದ ಬಂದ ಶುಶ್ರೂಷಕಿಗೆ 'ಜಡ್ಡು', 'ಬ್ಯಾನಿ', 'ಎದಿ ಹಿಡದೈತಿ', 'ತೆಲಿ ತಿರಗತೈತಿ' ಎಂಬ ಮಾತುಗಳು ಹೊಸವು. 'ಎದಿ ಹಿಡದೈತಿ' ಎಂದವರಿಗೆ ಕೆಮ್ಮು ಕಫವಿರಬಹುದು, ಹೃದಯದ ತೊಂದರೆಯೂ ಇರಬಹುದು. ಒಂದು ಮಾತನ್ನು ತಪ್ಪಾಗಿ ತಿಳಿದರೆ ಚಿಕಿತ್ಸೆಯ ದಾರಿಯೇ ತಪ್ಪುತ್ತದೆ. ಆದ್ದರಿಂದ ಅನುಭವಿ ಶುಶ್ರೂಷಕಿ ಎರಡು ಅಭ್ಯಾಸಗಳನ್ನು ಇಟ್ಟುಕೊಳ್ಳುತ್ತಾಳೆ. ರೋಗಿ ಬಳಸಿದ ಮಾತಿನ ಅರ್ಥವನ್ನು ಅವರಿಂದಲೇ ಬಿಡಿಸಿ ಕೇಳುವುದು ಮೊದಲನೆಯದು. ತಾನು ಹೇಳಿದ್ದನ್ನು ಅವರಿಂದ ಮರಳಿ ಹೇಳಿಸುವುದು ಎರಡನೆಯದು. 'ತಿಳಿತೇನ್ರಿ?' ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. 'ಯವ್ವಾ, ಮನಿಗೆ ಹೋದ ಮ್ಯಾಲೆ ಈ ಗುಳಗಿ ಹೆಂಗ ತಗೋತೀರಿ, ನಮಗೊಮ್ಮೆ ಹೇಳ್ರಿ' ಎಂದು ಕೇಳಿದರೆ ಮಾತ್ರ ತಿಳಿದದ್ದೆಷ್ಟು, ತಿಳಿಯದ್ದೆಷ್ಟು ಎಂಬುದು ಗೊತ್ತಾಗುತ್ತದೆ.

ಎರಡನೆಯ ಪಾಠ: ಸೇವೆಯಿಂದ ಕೇಡಾಗದಿರಲಿ

ಕೋಟ್ನಿಸರು ನಡೆಸಿದ ಆಸ್ಪತ್ರೆಗೆ ಬೆಥೂನ್ ಎಂಬ ಹೆಸರಿರುವುದಕ್ಕೆ ಒಂದು ಕಾರಣವಿದೆ. ಕೆನಡಾ ದೇಶದ ಶಸ್ತ್ರವೈದ್ಯ ನಾರ್ಮನ್ ಬೆಥೂನ್ ಅದೇ ಯುದ್ಧದಲ್ಲಿ ಸ್ವಯಂಸೇವೆಗೆ ಬಂದವರು. 1939ರಲ್ಲಿ ಕೈಗವಸಿಲ್ಲದೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದಾಗ ಅವರ ಬೆರಳಿಗೆ ಗಾಯವಾಯಿತು. ಗಾಯದಿಂದ ನಂಜು ರಕ್ತಕ್ಕೇರಿ ನವೆಂಬರ್ 12ರಂದು ಅವರು ನಿಧನರಾದರು. ಸಣ್ಣ ಗಾಯವೊಂದು ಸಾವಿರಾರು ರೋಗಿಗಳ ಆಸರೆಯನ್ನು ಕಸಿದುಕೊಂಡಿತು. ಸೇವಾಮನೋಭಾವದ ಉತ್ಸಾಹದಲ್ಲಿ ತನ್ನ ರಕ್ಷಣೆಯನ್ನು ಮರೆಯುವುದು ತ್ಯಾಗವೆಂದು ಎಳೆಯ ಶುಶ್ರೂಷಕಿಯರು ಭಾವಿಸುವುದುಂಟು. ಅದು ಸರಿಯಲ್ಲ. ಸೂಜಿ ಚುಚ್ಚಿದರೆ ಆ ಜಾಗವನ್ನು ಹಿಂಡದೆ, ಸಾಬೂನು ನೀರಿನಿಂದ ತೊಳೆದು, ಕೂಡಲೇ ಮೇಲಿನವರಿಗೆ ತಿಳಿಸಬೇಕು. ಎಚ್.ಐ.ವಿ. ಸೋಂಕನ್ನು ತಡೆಯುವ ಔಷಧವನ್ನು ಎಷ್ಟು ಬೇಗ ಆರಂಭಿಸಿದರೆ ಅಷ್ಟು ಒಳ್ಳೆಯದು, 72 ತಾಸಿನೊಳಗಂತೂ ಆರಂಭಿಸಲೇಬೇಕು. ನಾಚಿಕೆಯಿಂದ ಮುಚ್ಚಿಡುವುದು ಅಪಾಯ.

ಸೇವಕರಿಗೆ ರೋಗ ತಗಲುವಂತೆ ಸೇವಕರಿಂದಲೂ ರೋಗ ಹರಡಬಹುದು. 2010ರ ಜನವರಿ 12ರಂದು ಹೈಟಿ ದೇಶದಲ್ಲಿ ಭೀಕರ ಭೂಕಂಪವಾಯಿತು. ಲೋಕದ ನಾನಾ ಕಡೆಗಳಿಂದ ನೆರವಿನ ತಂಡಗಳು ಧಾವಿಸಿದವು. ಕೆಲವು ತಂಡಗಳಿಗೆ ತಮ್ಮ ಊಟ, ನೀರು, ಡೇರೆಯ ವ್ಯವಸ್ಥೆಯೇ ಇರಲಿಲ್ಲ. ನೊಂದ ಜನರ ಪಾಲಿನ ನೀರು, ಅನ್ನದಲ್ಲಿಯೇ ಅವರಿಗೂ ಪಾಲು ಕೊಡಬೇಕಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾಲರಾ ಕಾಣಿಸಿಕೊಂಡಿತು. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಶಿಬಿರವೊಂದರ ಶೌಚದ ನೀರು ನದಿಗೆ ಸೇರಿದ್ದೇ ಅದರ ಮೂಲವೆಂದು ತಜ್ಞರ ಅಧ್ಯಯನಗಳು ತೋರಿಸಿದವು. ಒಂಬತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. 2016ರಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಗಳು ಹೈಟಿಯ ಜನರ ಕ್ಷಮೆ ಕೋರಿದರು.

ಹೈಟಿಯ ಅನುಭವದ ನಂತರ, 2013ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯು ಪರದೇಶಕ್ಕೆ ಹೋಗುವ ವೈದ್ಯಕೀಯ ತಂಡಗಳಿಗೆ ನಿಯಮಗಳನ್ನು ರೂಪಿಸಿತು. ತಂಡವು ತನ್ನ ಆಹಾರ, ನೀರು, ವಿದ್ಯುತ್ತು, ಔಷಧ, ಕಸದ ವಿಲೇವಾರಿ ಇವೆಲ್ಲವನ್ನೂ ತಾನೇ ನೋಡಿಕೊಳ್ಳಬೇಕು, ನೊಂದವರಿಗೆ ಹೊರೆಯಾಗಬಾರದು ಎಂಬುದು ಅವುಗಳಲ್ಲಿ ಮುಖ್ಯವಾದುದು. 2023ರ ಫೆಬ್ರುವರಿಯಲ್ಲಿ ತುರ್ಕಿಯಲ್ಲಿ ಭೂಕಂಪವಾದಾಗ ಭಾರತೀಯ ಸೇನೆಯ 99 ಜನರ ವೈದ್ಯಕೀಯ ತಂಡ ಇಸ್ಕೆಂದರೂನ್ ನಗರದಲ್ಲಿ 30 ಹಾಸಿಗೆಗಳ ಆಸ್ಪತ್ರೆ ತೆರೆಯಿತು. ಎಕ್ಸ್‌ರೇ ಯಂತ್ರ, ಆಮ್ಲಜನಕದ ಉಪಕರಣ, ಜನರೇಟರ್ ಎಲ್ಲವನ್ನೂ ಅದು ತನ್ನೊಡನೆ ಕೊಂಡೊಯ್ದಿತ್ತು.

ನಮ್ಮ ಊರಿನ ಮಾತಿಗೆ ಬರೋಣ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲೂಕಿನ ಕೊಣ್ಣೂರು, ಲಖಮಾಪುರ, ರೋಣ ತಾಲೂಕಿನ ಹೊಳೆಆಲೂರು ಮೊದಲಾದ ಊರುಗಳ ಜನ ಮನೆ ಬಿಟ್ಟು ಹೊರಬರಬೇಕಾಯಿತು. ಇಂಥ ಹೊತ್ತಿನಲ್ಲಿ ನೆರವಿಗೆಂದು ಹೋಗುವವರು ಮೊದಲು ಕೇಳಬೇಕಾದ ಪ್ರಶ್ನೆಗಳು ಇವು: ಕುಡಿಯುವ ನೀರಿಗೆ ಕ್ಲೋರಿನ್ ಹಾಕಿದ್ದಾರೆಯೆ? ನಮ್ಮ ತಂಡದವರ ಶೌಚಕ್ಕೆ ಎಲ್ಲಿ ವ್ಯವಸ್ಥೆ? ಬಳಸಿದ ಸೂಜಿ, ಬ್ಯಾಂಡೇಜುಗಳು ಎಲ್ಲಿಗೆ ಹೋಗುತ್ತವೆ? ನಮ್ಮಲ್ಲಿ ಯಾರಿಗಾದರೂ ಭೇದಿ, ಜ್ವರ ಇದೆಯೆ? ಜಾತ್ರೆಯ ಶಿಬಿರಕ್ಕೂ ಪ್ರಸಾದದ ಅಡುಗೆಮನೆಗೂ ಇದೇ ಪ್ರಶ್ನೆಗಳು ಅನ್ವಯಿಸುತ್ತವೆ.

ಮೂರನೆಯ ಪಾಠ: ಮನೆಯವರನ್ನೇ ಶುಶ್ರೂಷಕರನ್ನಾಗಿ ಮಾಡುವುದು

1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದರು. ಬಂಗಾಳದ ಗಡಿಯಲ್ಲಿರುವ ಬನಗಾಂವ್ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳಿಗೆ ಹಾಸಿಗೆಗಳಿರಲಿ, ನೆಲದ ಮೇಲೂ ಜಾಗವಿರಲಿಲ್ಲ. ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂದಿತ್ತು, ಅದನ್ನು ಏರಿಸಬಲ್ಲ ತರಬೇತಾದ ಕೈಗಳೂ ಕಡಿಮೆಯಿದ್ದವು. ಆಗ ಡಾ. ದಿಲೀಪ್ ಮಹಲನಬಿಸ್ ಅವರು ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರನ್ನು ಪೀಪಾಯಿಗಳಲ್ಲಿ ಸಿದ್ಧಪಡಿಸಿದರು. ಅದನ್ನು ಲೋಟದಲ್ಲಿ ಹಿಡಿದು ಕುಡಿಸುವ ಕೆಲಸವನ್ನು ರೋಗಿಗಳ ತಾಯಂದಿರಿಗೆ, ಅಣ್ಣತಮ್ಮಂದಿರಿಗೆ ಒಪ್ಪಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು ಅವರ ಆರೈಕೆಯಲ್ಲಿದ್ದವರಲ್ಲಿ ನೂರಕ್ಕೆ 4ಕ್ಕಿಂತಲೂ ಕೆಳಗಿಳಿಯಿತು. ಇಂದು ನಾವು ಓ.ಆರ್.ಎಸ್. ಎಂದು ಕರೆಯುವುದು ಇದನ್ನೇ. ಡಾ. ಮಹಲನಬಿಸ್ ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು.

ಇದರ ಮುಂದಿನ ಅಧ್ಯಾಯ ಬಾಂಗ್ಲಾದೇಶದ್ದು. 1980ರಿಂದ ಸುಮಾರು ಹತ್ತು ವರ್ಷ ಬ್ರಾಕ್ ಎಂಬ ಅಲ್ಲಿನ ಸೇವಾಸಂಸ್ಥೆಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ, ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅಳತೆಯ ನೀರು ಇವುಗಳಿಂದ ಇದೇ ದ್ರಾವಣವನ್ನು ತಯಾರಿಸುವುದನ್ನು ತಾಯಂದಿರಿಗೆ ಕಲಿಸಿದರು. ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮನೆಗಳನ್ನು ಅವರು ತಲುಪಿದರು. ಈ ಕೆಲಸದಲ್ಲಿ ಗಮನಿಸಬೇಕಾದದ್ದು ಸಂಬಳದ ಕ್ರಮ. ಕಾರ್ಯಕರ್ತೆ ಎಷ್ಟು ಮನೆಗೆ ಹೋದಳೆಂದು ಎಣಿಸಿ ಹಣ ಕೊಡುತ್ತಿರಲಿಲ್ಲ. ಬೇರೊಬ್ಬರು ನಂತರ ಹೋಗಿ, ಕಲಿಸಿದ್ದರಲ್ಲಿ ತಾಯಿಗೆ ನೆನಪಿರುವುದೆಷ್ಟು, ಆಕೆ ಬೆರೆಸಿದ ದ್ರಾವಣ ಸರಿಯಾಗಿದೆಯೆ ಎಂದು ಪರೀಕ್ಷಿಸುತ್ತಿದ್ದರು. ಅದರ ಮೇಲೆ ಸಂಬಳ ನಿಗದಿಯಾಗುತ್ತಿತ್ತು. ಕಲಿಸಿದವಳ ಕೆಲಸವನ್ನು ಕಲಿತವಳ ನೆನಪಿನಿಂದ ಅಳೆದ ಈ ಕ್ರಮ ಎಲ್ಲ ಶಿಬಿರಗಳಿಗೂ ಮಾದರಿಯಾಗಬಲ್ಲದು.

ಪ್ರತಿ ಮನೆಯಲ್ಲಿಯೂ ತಿಳಿದಿರಬೇಕಾದ ವಿಷಯವಾದ್ದರಿಂದ ಓ.ಆರ್.ಎಸ್. ಬಳಕೆಯ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಅಂಗನವಾಡಿ, ಆಶಾ ಕಾರ್ಯಕರ್ತೆ ಅಥವಾ ಔಷಧದ ಅಂಗಡಿಯಿಂದ ಪೊಟ್ಟಣ ತಂದು, ಅದರ ಮೇಲೆ ಬರೆದ ಅಳತೆಯ ಶುದ್ಧ ನೀರಿನಲ್ಲಿ ಇಡೀ ಪೊಟ್ಟಣವನ್ನು ಒಮ್ಮೆಗೇ ಬೆರೆಸಬೇಕು. ಅರ್ಧ ಪೊಟ್ಟಣ ಹಾಕಿ ಅಂದಾಜಿನಲ್ಲಿ ಬೆರೆಸಬಾರದು. ಪೊಟ್ಟಣ ಸಿಗದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ತುಂಬಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಸಾಕು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಬೆರೆಸಿದ ನೀರನ್ನು ಮುಚ್ಚಿಟ್ಟು 24 ತಾಸಿನೊಳಗೆ ಬಳಸಿ, ಉಳಿದದ್ದನ್ನು ಚೆಲ್ಲಬೇಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದಾಗಲೂ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಗುವಿಗೆ 100ರಿಂದ 200 ಮಿಲಿಲೀಟರ್ ಚಮಚದಿಂದ ಸ್ವಲ್ಪ ಸ್ವಲ್ಪವಾಗಿ ಕುಡಿಸಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ನಿಧಾನವಾಗಿ ಕೊಡಬೇಕು. ಎದೆಹಾಲು ನಿಲ್ಲಿಸಬಾರದು. ದೊಡ್ಡ ಮಕ್ಕಳಿಗೆ ಗಂಜಿ, ಮಜ್ಜಿಗೆ, ಮೆತ್ತನೆಯ ಅನ್ನ ಕೊಡಬಹುದು. ವೈದ್ಯರು ಹೇಳಿದ ಜಿಂಕ್ ಗುಳಿಗೆಯನ್ನು ಭೇದಿ ನಿಂತ ಮೇಲೂ ಒಟ್ಟು 14 ದಿನ ಪೂರೈಸಬೇಕು. ಕಣ್ಣು ಗುಳಿಬಿದ್ದರೆ, ಮಗು ಮಂಕಾಗಿ ಕುಡಿಯಲಾರದಂತಾದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ ಮನೆಮದ್ದು ಸಾಲದು. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ನಾಲ್ಕನೆಯ ಪಾಠ: ಇದ್ದುದರಲ್ಲಿಯೇ ದಾರಿ

ಪರದೇಶದ ಸೇವೆಗೆ ಹೋದ ಶುಶ್ರೂಷಕಿ ಮೊದಲ ವಾರದಲ್ಲಿ 'ಇಲ್ಲಿ ಅದಿಲ್ಲ, ಇದಿಲ್ಲ' ಎಂದು ಪಟ್ಟಿ ಮಾಡುವುದು ಸಹಜ. ಆದರೆ ಕೊರತೆಯೇ ಕೆಲವೊಮ್ಮೆ ಉತ್ತಮ ಚಿಕಿತ್ಸೆಯನ್ನು ಹುಟ್ಟಿಸಿದೆ. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೊಗೊಟಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ 1970ರ ದಶಕದ ಕೊನೆಯಲ್ಲಿ ದಿನ ತುಂಬದ ಶಿಶುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು ಸಾಲುತ್ತಿರಲಿಲ್ಲ. ಒಂದೇ ಪೆಟ್ಟಿಗೆಯಲ್ಲಿ ಹಲವು ಶಿಶುಗಳನ್ನು ಮಲಗಿಸಿ ಸೋಂಕು ಹರಡುತ್ತಿತ್ತು. ಅಲ್ಲಿನ ವೈದ್ಯರಾದ ಎಡ್ಗಾರ್ ರೇ ಮತ್ತು ಹೆಕ್ಟರ್ ಮಾರ್ಟಿನೆಜ್ ಅವರು ಶಿಶುವನ್ನು ತಾಯಿಯ ಬರಿಯೆದೆಗೆ ಒರಗಿಸಿ ಕಟ್ಟಿ, ಎದೆಹಾಲು ಮಾತ್ರ ಕೊಡುವ ಕ್ರಮವನ್ನು ಆರಂಭಿಸಿದರು. ತಾಯಿಯ ಮೈಬಿಸಿಯೇ ಶಿಶುವನ್ನು ಕಾಯಿತು. ಇದೇ ಇಂದು ಲೋಕಪ್ರಸಿದ್ಧವಾದ ಕಾಂಗರೂ ಆರೈಕೆ.

ಬಡದೇಶದ ಬದಲಿ ವ್ಯವಸ್ಥೆಯೆಂದು ತಿಳಿಯಲಾಗಿದ್ದ ಇದನ್ನು ಭಾರತವೂ ಸೇರಿ ಐದು ದೇಶಗಳಲ್ಲಿ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಕಡಿಮೆ ತೂಕದ ಶಿಶುಗಳಿಗೆ ಹುಟ್ಟಿದ ಕೂಡಲೇ ಈ ಆರೈಕೆ ಆರಂಭಿಸಿದಾಗ, ಸ್ಥಿತಿ ಸುಧಾರಿಸುವವರೆಗೆ ಕಾದು ಆರಂಭಿಸಿದ್ದಕ್ಕಿಂತ ಸಾವು ನೂರಕ್ಕೆ 25ರಷ್ಟು ಕಡಿಮೆಯಾಯಿತು. ದಿನಕ್ಕೆ 8ರಿಂದ 24 ತಾಸು ಹೀಗೆ ಎದೆಗೊರಗಿಸಿಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಈಗ ಶ್ರೀಮಂತ ದೇಶಗಳಿಗೂ ಹೇಳುತ್ತಿದೆ. ಕಲಿಸಲು ಹೋದವರೇ ಅಲ್ಲಿಂದ ಕಲಿತು ಬಂದರು.

ನಮ್ಮ ಮನೆಗಳಲ್ಲಿ ಬಾಣಂತಿಯ ಕೋಣೆಗೆ ಕೆಂಡವಿಟ್ಟು, ಲೋಬಾನದ ಹೊಗೆ ಹಾಕುವ ರೂಢಿಯುಂಟು. ಶಿಶುವನ್ನು ಬೆಚ್ಚಗಿಡಬೇಕೆಂಬ ಹಿರಿಯರ ಕಾಳಜಿ ಸರಿಯೇ, ಆದರೆ ಮುಚ್ಚಿದ ಕೋಣೆಯ ಹೊಗೆ ಎಳೆಯ ಶ್ವಾಸಕೋಶಕ್ಕೆ ಹಾನಿಕರ. 'ನಿಮ್ಮ ಪದ್ಧತಿ ತಪ್ಪು' ಎಂದು ಗದರಿದರೆ ಅಜ್ಜಿ ಬಾಗಿಲು ಮುಚ್ಚಿಕೊಳ್ಳುತ್ತಾರೆ. 'ಅಜ್ಜಿ, ಕೂಸಿಗೆ ಬೆಚ್ಚಗ ಇರಬೇಕು ಅನ್ನೂದು ಖರೆ. ಕೆಂಡದ ಬದಲಿ ಅವ್ವನ ಎದಿ ಮ್ಯಾಲ ಮಲಗಸೋಣ, ಅದಕ್ಕಿಂತ ಬೆಚ್ಚನ್ನ ಜಾಗ ಯಾವುದೈತ್ರಿ?' ಎಂದರೆ ಅದೇ ಅಜ್ಜಿ ಮುಂದೆ ನಿಂತು ಸೆರಗು ಸರಿಮಾಡಿಕೊಡುತ್ತಾರೆ. ರೂಢಿಯ ಹಿಂದಿರುವ ಉದ್ದೇಶವನ್ನು ಗೌರವಿಸಿ, ಅದನ್ನು ಈಡೇರಿಸುವ ಸುರಕ್ಷಿತ ದಾರಿಯನ್ನು ತೋರಿಸುವುದು ಜಾಣ ಶುಶ್ರೂಷೆ. ಶಿಶುವಿನ ತೂಕ ಎರಡೂವರೆ ಕಿಲೋಗಿಂತ ಕಡಿಮೆಯಿದ್ದರೆ ಆಸ್ಪತ್ರೆಯಲ್ಲಿಯೇ ಈ ಕ್ರಮವನ್ನು ಕಲಿತು ಮನೆಯಲ್ಲಿ ಮುಂದುವರಿಸಬೇಕು. ತಾಯಿ ದಣಿದಾಗ ತಂದೆಯೂ ಅಜ್ಜಿಯೂ ಶಿಶುವನ್ನು ಎದೆಗೊರಗಿಸಿಕೊಳ್ಳಬಹುದು.

ಐದನೆಯ ಪಾಠ: ಬರೆದಿಡುವುದು

ಫ್ಲಾರೆನ್ಸ್ ನೈಟಿಂಗೇಲ್ ಅವರ ಜನ್ಮದಿನವಾದ ಮೇ 12ನ್ನು ಲೋಕವೆಲ್ಲ ಶುಶ್ರೂಷಕಿಯರ ದಿನವೆಂದು ಆಚರಿಸುತ್ತದೆ. 1854ರಲ್ಲಿ 38 ಮಹಿಳೆಯರೊಡನೆ ಅವರು ಇಂಗ್ಲೆಂಡಿನಿಂದ ತುರ್ಕಿಯ ಸ್ಕುಟಾರಿ ಸೈನಿಕ ಆಸ್ಪತ್ರೆಗೆ ಹೋದರು. ಶುಶ್ರೂಷಕಿಯರ ಪರದೇಶ ಸೇವೆಯ ಆರಂಭಕಾಲದ ದೊಡ್ಡ ಉದಾಹರಣೆ ಅದು. ಇರುಳಿನಲ್ಲಿ ದೀಪ ಹಿಡಿದು ರೋಗಿಗಳನ್ನು ನೋಡುತ್ತಿದ್ದ ಅವರ ಚಿತ್ರ ಎಲ್ಲರಿಗೂ ಗೊತ್ತು. ಅವರ ಕೈಯಲ್ಲಿದ್ದ ಲೆಕ್ಕದ ಪುಸ್ತಕ ಅಷ್ಟಾಗಿ ಗೊತ್ತಿಲ್ಲ. 1856ರಲ್ಲಿ ಯುದ್ಧ ಮುಗಿದು ಮರಳಿದ ಮೇಲೆ ಅವರು ಸಾವಿನ ಅಂಕಿಗಳನ್ನು ಜೋಡಿಸಿ ನೋಡಿದರು. ಗುಂಡೇಟಿನಿಂದ ಸತ್ತವರಿಗಿಂತ ಭೇದಿ, ವಿಷಮಶೀತ ಜ್ವರ, ಕಾಲರಾಗಳಿಂದ ಸತ್ತವರು ಬಹುಪಾಲು ಹೆಚ್ಚೆಂಬುದು ಅದರಿಂದ ಸ್ಪಷ್ಟವಾಯಿತು. 1855ರಲ್ಲಿ ಚರಂಡಿ, ಗಾಳಿ, ನೀರಿನ ವ್ಯವಸ್ಥೆ ಸರಿಪಡಿಸಿದ ಮೇಲೆ ಸಾವು ಇಳಿದದ್ದೂ ಕಂಡಿತು. ಅವರ ಮುಂದಿನ ಬದುಕಿನ ಕೆಲಸವೆಲ್ಲ, 1860ರಲ್ಲಿ ಲಂಡನ್ನಿನಲ್ಲಿ ತೆರೆದ ಶುಶ್ರೂಷಾ ಶಾಲೆಯೂ ಸೇರಿ, ಈ ಅರಿವಿನ ಮೇಲೆ ನಿಂತಿತು. ಭಾರತಕ್ಕೆ ಒಮ್ಮೆಯೂ ಬಾರದಿದ್ದರೂ ಇಲ್ಲಿನ ನೈರ್ಮಲ್ಯದ ವರದಿಗಳನ್ನು ತರಿಸಿಕೊಂಡು ದಶಕಗಳ ಕಾಲ ದುಡಿದರು.

ಕಣ್ಣೆದುರಿನ ಒಬ್ಬ ರೋಗಿಯನ್ನು ಕಾಣಲು ಕರುಣೆ ಸಾಕು, ನೂರು ರೋಗಿಗಳ ಹಿಂದಿರುವ ಕಾರಣವನ್ನು ಕಾಣಲು ಬರಹ ಬೇಕು. ಒಂದು ಊರಿನ ಶಿಬಿರದಲ್ಲಿ ಹಲವು ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ಹಲವು ಹಿರಿಯರಲ್ಲಿ ಬೆನ್ನು ಮತ್ತು ಮಂಡಿಯ ಬಿಗಿತ ಕಂಡುಬಂದರೆ, ಪ್ರತಿಯೊಬ್ಬರಿಗೂ ನೋವಿನ ಗುಳಿಗೆ ಕೊಟ್ಟು ಕಳಿಸುವುದಷ್ಟೇ ಸಾಲದು. ಗದಗ ಜಿಲ್ಲೆಯ ಕೆಲವು ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದೆ. ಹೆಸರು, ಊರು, ಕುಡಿಯುವ ನೀರಿನ ಮೂಲ ಇವಿಷ್ಟನ್ನು ಬರೆದಿಟ್ಟಿದ್ದರೆ ಮಾತ್ರ ರೋಗದ ಮೂಲ ನೀರಿನಲ್ಲಿರಬಹುದೆಂಬುದು ತಿಳಿದು, ನೀರಿನ ಪರೀಕ್ಷೆಗೆ ದಾರಿಯಾಗುತ್ತದೆ.

ಆರನೆಯ ಪಾಠ: ಹೊರಟುಹೋದ ಮೇಲೆ ಉಳಿಯುವುದು

ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಅವರ ಹೆಸರನ್ನು ನಮ್ಮ ಹಿರಿಯರು ಇನ್ನೂ ನೆನೆಯುತ್ತಾರೆ. ಹಳ್ಳಿಹಳ್ಳಿಗೆ ತಂಡ ಕಟ್ಟಿಕೊಂಡು ಹೋಗಿ ಲಕ್ಷಾಂತರ ಜನರ ಕಣ್ಣಿನ ಪೊರೆ ತೆಗೆದ ಅವರಿಗೆ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಸಂದವು. ಆ ಕಾಲದ ಚಿಕಿತ್ಸೆಯಲ್ಲಿ ಕಣ್ಣೊಳಗೆ ಮಸೂರ ಇಡುವ ಕ್ರಮವಿರಲಿಲ್ಲ. ರೋಗಿ ಪಟ್ಟಿ ಕಟ್ಟಿಕೊಂಡು ಹಲವು ದಿನ ಅಲುಗಾಡದೆ ಮಲಗಿರಬೇಕಾಗಿತ್ತು, ನಂತರ ದಪ್ಪ ಗಾಜಿನ ಕನ್ನಡಕ ಹಾಕಿಕೊಳ್ಳುತ್ತಿದ್ದರು. ಹೀಗಾಗಿ ಶಿಬಿರದಲ್ಲಿಯೇ ಶುಶ್ರೂಷೆಯೂ ನಡೆಯುತ್ತಿತ್ತು. ಇಂದು ಊರಿನಲ್ಲಿ ತಪಾಸಣೆ ಮಾತ್ರ ನಡೆದು, ಶಸ್ತ್ರಚಿಕಿತ್ಸೆ ದೊಡ್ಡ ಆಸ್ಪತ್ರೆಯಲ್ಲಿ ಆಗುತ್ತದೆ. ಅದೇ ದಿನ ಅಥವಾ ಮರುದಿನ ರೋಗಿ ಮನೆಗೆ ಬರುತ್ತಾರೆ. ಚಿಕಿತ್ಸೆ ಸುಲಭವಾಯಿತು, ಆದರೆ ಶುಶ್ರೂಷೆಯ ಭಾರ ಆಸ್ಪತ್ರೆಯಿಂದ ಮನೆಗೆ ಬಂದಿತು. ಕೆಲವು ವಾರ ಕಣ್ಣಿಗೆ ಹನಿ ಹಾಕುವವರು ಸೊಸೆ ಅಥವಾ ಮೊಮ್ಮಗಳು. ಕೈ ತೊಳೆದು ಹನಿ ಹಾಕುವುದು, ಕಣ್ಣು ತಿಕ್ಕದಂತೆ ನೋಡಿಕೊಳ್ಳುವುದು, ಒಲೆಯ ಹೊಗೆ, ಹೊಲದ ದೂಳಿನಿಂದ ಕಾಯುವುದು ಅವರಿಗೆ ತಿಳಿದಿರಬೇಕು. ನೋವು, ಕೆಂಪು, ಕೀವು ಅಥವಾ ದೃಷ್ಟಿ ಮಂಜಾಗುವುದು ಕಂಡರೆ ಅದೇ ದಿನ ಕಣ್ಣಿನ ಆಸ್ಪತ್ರೆಗೆ ಹೋಗಬೇಕೆಂಬುದನ್ನು ಅವರಿಗೇ ಹೇಳಿ, ಅವರಿಂದಲೇ ಮರಳಿ ಹೇಳಿಸಬೇಕು.

ಮೇಲಿನ ಪಾಠಗಳನ್ನೆಲ್ಲ ಸೇರಿಸಿ, ನಮ್ಮ ಮೂರು ತಾಲೂಕುಗಳಲ್ಲಿ ಶಿಬಿರ ನಡೆಸುವ ಭಕ್ತಮಂಡಳಿಗಳಿಗೆ ಕೆಲವು ಸೂಚನೆಗಳನ್ನು ಇಲ್ಲಿ ಕೊಡಲಾಗಿದೆ.

1. ದಿನ ಗೊತ್ತುಮಾಡುವ ಮೊದಲು ಊರಿನ ಆಶಾ ಕಾರ್ಯಕರ್ತೆಯನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನೂ ಕರೆದು ಕೇಳಬೇಕು. ಊರಿನ ತೊಂದರೆ ಏನೆಂದು ಅವರಿಗೆ ಗೊತ್ತು, ಶಿಬಿರದ ಮರುದಿನವೂ ಊರಿನಲ್ಲಿರುವವರು ಅವರೇ.

2. ಜೋಳದ ಸುಗ್ಗಿಯ ದಿನಗಳಲ್ಲಿ, ಕುಟುಂಬಗಳು ಗೋವಾ, ಮಂಗಳೂರು, ಬೆಂಗಳೂರಿಗೆ ಗುಳೆ ಹೋದ ತಿಂಗಳುಗಳಲ್ಲಿ, ಕುರಿಗಾಹಿಗಳು ಮಂದೆಯೊಡನೆ ಹೊರಗಿರುವ ಕಾಲದಲ್ಲಿ ಶಿಬಿರ ನಡೆಸಿದರೆ ಅತಿ ಅಗತ್ಯವಿರುವವರೇ ತಪ್ಪಿಹೋಗುತ್ತಾರೆ.

3. ರಕ್ತದೊತ್ತಡ, ಸಕ್ಕರೆ ಕಾಯಿಲೆ ಹೊಸದಾಗಿ ಕಂಡವರಿಗೆ ಗುಳಿಗೆಯ ಜೊತೆಗೆ ಒಂದು ಚೀಟಿ ಕೊಡಬೇಕು. ಅಳತೆ, ಗುಳಿಗೆಯ ಹೆಸರು, ಮುಂದಿನ ಗುಳಿಗೆ ಸಿಗುವ ಸರ್ಕಾರಿ ಆಸ್ಪತ್ರೆ, ಮತ್ತೆ ತೋರಿಸಬೇಕಾದ ದಿನ ಅದರಲ್ಲಿ ಕನ್ನಡದಲ್ಲಿ ಇರಬೇಕು. ಆರಾಮ ಅನಿಸಿತೆಂದು ಗುಳಿಗೆ ಬಿಡಬಾರದೆಂದು ಬಾಯಿಂದಲೂ ಹೇಳಬೇಕು.

4. ಹೆಸರಿನ ಪಟ್ಟಿಯ ಒಂದು ಪ್ರತಿ ಆರೋಗ್ಯ ಕೇಂದ್ರದಲ್ಲಿ ಉಳಿಯಬೇಕು. ಅದು ರೋಗಿಗಳ ಖಾಸಗಿ ವಿಷಯವಾದ್ದರಿಂದ ಫಲಕದ ಮೇಲೆ ಹಾಕುವುದು, ಮೊಬೈಲಿನಲ್ಲಿ ಹಂಚುವುದು ಸಲ್ಲದು. ರೋಗಿಗಳ ಫೋಟೊಗಳಿಗೂ ಇದೇ ಮರ್ಯಾದೆ.

5. ಒಂದು ತಿಂಗಳ ನಂತರ ಇಬ್ಬರು ಸ್ವಯಂಸೇವಕರು ಪಟ್ಟಿ ಹಿಡಿದು ಮನೆಗಳಿಗೆ ಹೋಗಬೇಕು. ಎಷ್ಟು ಜನ ಗುಳಿಗೆ ಮುಂದುವರಿಸಿದ್ದಾರೆ, ಶಸ್ತ್ರಚಿಕಿತ್ಸೆಗೆ ಸೂಚಿಸಿದವರಲ್ಲಿ ಎಷ್ಟು ಜನ ಹೋಗಿಬಂದಿದ್ದಾರೆ ಎಂಬುದನ್ನು ಎಣಿಸಬೇಕು. ಶಿಬಿರದ ನಿಜವಾದ ಲೆಕ್ಕ ಅದು. ಬಂದವರ ಸಂಖ್ಯೆಯಿಂದ ಗುಣಮುಖರಾದವರ ಸಂಖ್ಯೆ ತಿಳಿಯುವುದಿಲ್ಲ.

ಪರದೇಶಕ್ಕೆ ಸೇವೆಗೆಂದು ಹೊರಟ ಮಕ್ಕಳಿಗೂ ಕಿವಿಮಾತು ಇದೇ. ಅಲ್ಲಿನ ಸರ್ಕಾರದ ಒಪ್ಪಿಗೆ ಇರುವ ಸಂಸ್ಥೆಯ ಮೂಲಕವೇ ಹೋಗಬೇಕು. ಅಲ್ಲಿ ಊರ್ಜಿತವಾಗುವ ನೋಂದಣಿ, ಬೇಕಾದ ಲಸಿಕೆಗಳು ಇರಬೇಕು. ನಮ್ಮೂರಿನಲ್ಲಿ ಮಾಡಲು ಅನುಮತಿಯಿಲ್ಲದ ಚಿಕಿತ್ಸೆಯನ್ನು 'ಇಲ್ಲಿ ಕೇಳುವವರಿಲ್ಲ' ಎಂದು ಪರರ ನಾಡಿನ ಬಡವರ ಮೇಲೆ ಪ್ರಯೋಗಿಸಬಾರದು. ಅಲ್ಲಿನ ಶುಶ್ರೂಷಕಿಯನ್ನು ಅಕ್ಕನೆಂದು ತಿಳಿದು ಮೊದಲು ಆಕೆಯಿಂದ ಕಲಿಯಬೇಕು, ನಂತರ ತನಗೆ ತಿಳಿದದ್ದನ್ನು ಕಲಿಸಬೇಕು. ಮರಳುವ ದಿನ ಆಕೆಯ ಕೈಯಲ್ಲಿ ಕೆಲಸ ನಿಲ್ಲದೆ ಸಾಗುತ್ತಿದ್ದರೆ ಹೋದದ್ದು ಸಾರ್ಥಕ.

ದಾಸೋಹದಲ್ಲಿ ನೀಡುವವನು ತಾನು ಹಿರಿಯನೆಂದು ತಿಳಿಯುವುದಿಲ್ಲ. ಪಡೆಯುವವರ ಮುಂದೆ ಬಾಗಿಯೇ ನೀಡುತ್ತಾನೆ. ಆರೋಗ್ಯಸೇವೆಯೂ ಆ ಭಾವದಿಂದ ನಡೆಯಬೇಕು. ಬರುವ ಜಾತ್ರೆಯ ಶಿಬಿರಕ್ಕೆ ಸಿದ್ಧತೆ ನಡೆಸುವ ಸದ್ಭಕ್ತರು ವೈದ್ಯರನ್ನು ಆಹ್ವಾನಿಸುವ ದಿನವೇ, ಒಂದು ತಿಂಗಳ ನಂತರ ಮನೆಮನೆಗೆ ಹೋಗುವ ಇಬ್ಬರ ಹೆಸರನ್ನೂ ಬರೆದಿಡಲೆಂದು ವಿನಂತಿ.